ಹಳೇ ಪಿಯಾನೋಗೆ ಹೊಸ ಹೊದಿಕೆ: ಗಾಂಧಿ ಬಜಾರಿನ ಹಾರ್ಮೋನಿಯಂ ರಿಪೇರಿ ಅಂಗಡಿ

ಪಿಯಾನೋ ರಿಪೇರಿ ಅಂದಕೂಡಲೇ ಶಿವಮೊಗ್ಗದಲ್ಲಿ ಎಲ್ಲರೂ ಬೆಂಗಳೂರಿನ ದಾರಿ ತೋರಿಸುತ್ತಾರೆ. ನಾನು ಗಾಂಧಿ ಬಜಾರಿನ ಹಿಂದಿನ ಗಲ್ಲಿಯ ಹಾರ್ಮೋನಿಯಂ ರಿಪೇರಿಯವರಲ್ಲಿಗೆ ಹೋದೆ. ತೀರ್ಥಹಳ್ಳಿಯ ನಮ್ಮ ಮನೆಯ ಪಿಯಾನೋಗೆ ಸ್ವರದ ತೊಂದರೆ ಇಲ್ಲ. ಆದರೆ ಮಳೆ ಹಿಡಿಯಿತೆಂದರೆ ಬಿಳಿ ಕೀಗಳ ಮರದ ಮೇಲಿನ ತೆಳು ಹೊದಿಕೆ ಒಂದೊಂದೇ ಏಳುತ್ತಿತ್ತು. ಒಡೆದ ಅಂಚು ತಾಗಿ ಮಗಳ ಬೆರಳು ಕೊಯ್ದ ಮೇಲೆ ಸುಮ್ಮನಿರುವ ಹಾಗಿರಲಿಲ್ಲ.

ಪಿಯಾನೋವನ್ನೇ ಸಾಗಿಸಬೇಕಿಲ್ಲ ಮಾರಾಯ್ರೇ. ಮುಚ್ಚಳ, ಮುಂದಿನ ಪಟ್ಟಿ ಬಿಚ್ಚಿದರೆ ಕೀಗಳು ಪಿನ್ನಿನಿಂದ ಮೇಲಕ್ಕೆ ಬರುತ್ತವೆ. 52 ಬಿಳಿ ಕೀಗಳನ್ನೂ ರಟ್ಟಿನ ಡಬ್ಬಕ್ಕೆ ತುಂಬಿ ಬಸ್ಸಲ್ಲೇ ಒಯ್ದೆ.

ಯಜಮಾನರು ಒಂದನ್ನು ಬೆಳಕಿಗೆ ಹಿಡಿದು, ನಡುವಿನ ಸಣ್ಣ ಗೆರೆ ತೋರಿಸಿ, "ಆನೆದಂತ ಮೇಡಂ, ಮುಂದೊಂದು ತುಂಡು, ಹಿಂದೊಂದು" ಅಂದರು. ಹಳೇ ಕಾಲದ ಪ್ಲಾಸ್ಟಿಕ್ಕಾದ ಸೆಲ್ಯುಲಾಯ್ಡ್ ಆಗಿದ್ದರೆ ಸಾಮಾನ್ಯವಾಗಿ ಒಂದೇ ತುಂಡಂತೆ. ಅದು ಬೇಗ ಬೆಂಕಿ ಹತ್ತುವ ವಸ್ತು, ಹಾಗಾಗಿ ಬಿಸಿ ಕೊಡುವ ಮೊದಲು ಈ ಪರೀಕ್ಷೆ. ಆಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟು, ಅಂಟು ಮೆತ್ತಗಾದಾಗ ತೆಳು ಬ್ಲೇಡು ತೂರಿಸಿ ಎಬ್ಬಿಸಿದರು. ಕಿತ್ತು ಬಂದ ಮರದ ಸಿಬಿರನ್ನು ಎಸೆಯದೆ ಅಲ್ಲಲ್ಲೇ ಅಂಟಿಸಿದರು.

ಜಾಣತನ ಕಂಡಿದ್ದು ಮುಂದಿನ ಕೆಲಸದಲ್ಲಿ. ದಂತದ ಹೊದಿಕೆ ಒಂದು ಮಿಲಿಮೀಟರ್ ಆಸುಪಾಸು, ಹೊಸ ಪ್ಲಾಸ್ಟಿಕ್ಕು ಅದಕ್ಕಿಂತ ದಪ್ಪ. ಹಾಗೇ ಅಂಟಿಸಿದರೆ ಬಿಳಿ ಕೀ ಎತ್ತರವಾಗಿ ಕರಿ ಕೀ ಕುಳ್ಳಾಗುತ್ತದೆ, ಬೆರಳಿನ ಲೆಕ್ಕವೇ ತಪ್ಪುತ್ತದೆ. ಇವರು ಪ್ರತಿ ಕೀಯ ಮರವನ್ನೂ ಬೇಕಾದಷ್ಟೇ ಹತ್ತರಿ ಹೊಡೆದು ಇಳಿಸಿದ್ದಾರೆ. ಕರಿ ಕೀ ಪಕ್ಕದ ಕಚ್ಚುಗಳನ್ನು ಅರದಿಂದ ತೀಡಿದ್ದಾರೆ. ವಾಪಸ್ ಕೂರಿಸಿ ಉದ್ದ ಸ್ಕೇಲ್ ಇಟ್ಟು ನೋಡಿದೆ, ಸಾಲು ಒಂದೇ ಮಟ್ಟ. ಈ ತಾಳ್ಮೆಗೇ ದುಡ್ಡು ಕೊಡಬೇಕು.

ತೆಗೆದ ದಂತವನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಲು ಒಪ್ಪದೆ ಎಣಿಸಿ ಕವರಿನಲ್ಲಿ ಕೊಟ್ಟರು. 1972ರ ವನ್ಯಜೀವಿ ಕಾಯ್ದೆಯಡಿ ದಂತದ ವ್ಯಾಪಾರಕ್ಕೆ ನಿಷೇಧ ಇದೆ, ಅವರಿಗದು ಗೊತ್ತಿತ್ತು. ಸಕ್ರೆಬೈಲಿನ ಆನೆಗಳು ಮೀಯುವುದನ್ನು ನೋಡಿ ಬೆಳೆದ ಮಗಳಂತೂ ಆ ಕವರು ಮುಟ್ಟಲಿಲ್ಲ.

ದೂರುಗಳೂ ಇವೆ. ಹೊಸ ಬಿಳುಪು ಟ್ಯೂಬ್‌ಲೈಟಿನಂತೆ ಕಣ್ಣಿಗೆ ಹೊಡೆಯುತ್ತದೆ. ಕೆನೆಬಣ್ಣದ್ದು ಬೇಕಿದ್ದರೆ ಮೊದಲೇ ಕೇಳಿ. "ಮುಂದಿನ ವಾರ" ಅನ್ನುತ್ತ ದಸರೆ ದಾಟಿಸಿದರು. ಫೋನ್ ಎತ್ತುವುದಿಲ್ಲ, ಸಂಜೆ ನೇರ ಹೋಗಿ. ದರ ಮಾತ್ರ ಮೊದಲು ಹೇಳಿದ್ದಷ್ಟೇ ತೆಗೆದುಕೊಂಡರು. ಪಿಯಾನೋದ ಶ್ರುತಿ ಕೂರಿಸುವ ಕೆಲಸ ಇವರದಲ್ಲ, ಅದಕ್ಕೆ ಬೇರೆಯವರನ್ನೇ ಹುಡುಕಬೇಕು.