ನಾಲ್ಕು ಮೈಕ್‌ಗೆ ಗೇನ್ ಎಷ್ಟಿಡಬೇಕು? ಮೂರು ರಾತ್ರಿ, ಮೂರು ರೀತಿ ಮಾಡಿ ನೋಡಿದ್ದು

ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮಿದೆ. ಊರಿನ ಭಜನೆ ಮೇಳದವರನ್ನು ಅಲ್ಲಿಗೆ ಕರೆಸಿ ಹಾಡಿಸಿದೆ. ಮುಂದೆ ನಿಂತು ಹಾಡುವ ಅಜ್ಜನಿಗೆ ವಯಸ್ಸಾಗಿದೆ. ಅವರಿಗೆ ಬಾಯಿಪಾಠ ಇರುವ ಎಷ್ಟೋ ಭಜನೆ ಪದಗಳನ್ನು ಯಾರೂ ಬರೆದಿಟ್ಟಿಲ್ಲ. ಅವು ಕೆಟ್ಟ ರೆಕಾರ್ಡಿಂಗ್‌ನಲ್ಲಿ ಉಳಿಯಬಾರದು ಅನ್ನೋದೇ ನನ್ನ ಚಿಂತೆ. ಅದಕ್ಕೇ ಒಂದೇ ಪದವನ್ನು ಮೂರು ರಾತ್ರಿ ಹಾಡಿಸಿ, ಪ್ರತಿ ಸಲ ಬೇರೆ ರೀತಿಯಲ್ಲಿ ಗೇನ್ (ಮೈಕ್‌ನಿಂದ ಬರುವ ದನಿಯನ್ನು ಎಷ್ಟು ಏರಿಸಬೇಕು ಅನ್ನೋ ಲೆವೆಲ್) ಇಟ್ಟು ನೋಡಿದೆ.

ಮೈಕ್ ನಾಲ್ಕು. ಅಜ್ಜನ ಮುಂದೆ ಶೂರ್ ಕಂಪನಿಯ ಎಸ್‌ಎಂ58 ಅನ್ನೋ ಡೈನಾಮಿಕ್ ಮೈಕ್. ತಬಲಾಕ್ಕೆ ಇನ್ನೊಂದು ಡೈನಾಮಿಕ್ ಮೈಕ್. ಹಾರ್ಮೋನಿಯಂಗೆ ಒಂದು ಕಂಡೆನ್ಸರ್, ಅಂದರೆ ಮೆತ್ತಗಿನ ಸದ್ದನ್ನೂ ಚೆನ್ನಾಗಿ ಹಿಡಿಯುವ ಮೈಕ್. ತಾಳ ಹಿಡಿದು ಹಿಮ್ಮೇಳ ಹಾಡುವ ಇಬ್ಬರಿಗೆ ಸೇರಿ ಮತ್ತೊಂದು ಕಂಡೆನ್ಸರ್. ಕಂಡೆನ್ಸರ್‌ಗಳಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ವೈರಿನಲ್ಲೇ ಹೋಗುವ ಕರೆಂಟ್) ಬೇಕು. ನಾಲ್ಕು ಮೈಕ್ ಇನ್‌ಪುಟ್ ಇರುವ ಇಂಟರ್‌ಫೇಸ್‌ನಿಂದ (ದನಿಯನ್ನು ಅಂಕಿಗಳಾಗಿ ಬದಲಿಸುವ ಪೆಟ್ಟಿಗೆ) ಯುಎಸ್‌ಬಿ ವೈರ್ ಲ್ಯಾಪ್‌ಟಾಪ್‌ಗೆ. ಅಲ್ಲಿ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ನಾಲ್ಕೂ ಬೇರೆ ಬೇರೆ ಟ್ರ್ಯಾಕ್, 24 ಬಿಟ್. ಇದಕ್ಕೂ ಮುಂಚೆ ಒಂದು ಮಿಕ್ಸರ್ ಇಟ್ಟುಕೊಂಡಿದ್ದೆ. ಅದು ಕಂಪ್ಯೂಟರ್‌ಗೆ ಎರಡೇ ಚಾನೆಲ್ ಕಳಿಸುತ್ತಿತ್ತು. ಎಲ್ಲಾ ಕಲಸಿ ಬಂದ ಮೇಲೆ ತಬಲಾ ಜಾಸ್ತಿಯಾಗಿದ್ದರೆ ಅದೊಂದನ್ನೇ ತಗ್ಗಿಸೋಕೆ ಆಗಲ್ಲ. ಹಾಗಾಗಿ ಅದನ್ನು ಈ ಹೋಲಿಕೆಗೆ ತರಲಿಲ್ಲ.

ಮೊದಲ ರಾತ್ರಿ ಹಳೇ ಪದ್ಧತಿ. ಕ್ಯಾಸೆಟ್ ಕಾಲದಲ್ಲಿ ಕೆಲಸ ಕಲಿತವರು 'ಮೀಟರಿನ ಮುಳ್ಳು ಕೆಂಪಿನ ಹತ್ತಿರ ಹೋಗಬೇಕು' ಅಂತಾರೆ. ಟೇಪಿಗೆ ಅದು ಸರಿ. ಟೇಪಿನ ಸ್ವಂತ 'ಸ್' ಸದ್ದು ಇರುತ್ತಿತ್ತು, ಹಾಡು ಅದಕ್ಕಿಂತ ಬಹಳ ಮೇಲಿರಬೇಕಿತ್ತು. ನಾನೂ ಹಾಗೇ ಮಾಡಿದೆ. ಒಬ್ಬೊಬ್ಬರನ್ನೇ ಕೂರಿಸಿ, ಮೀಟರ್ ಮೈನಸ್ 4 ಡೆಸಿಬೆಲ್‌ಗೆ ಬರುವ ತನಕ ಗೇನ್ ಏರಿಸಿದೆ (ಈ ಮೀಟರ್‌ನಲ್ಲಿ ಸೊನ್ನೆಯೇ ಮಿತಿ, ಅದನ್ನು ಮೀರಿದರೆ ದನಿ ಒಡೆಯುತ್ತದೆ). ಅಜ್ಜ ಆಗಲೇ ಎಚ್ಚರಿಸಿದ್ದರು: "ಈಗ ಸುಮ್ನೆ ಗುನುಗ್ತಿದೀನಿ ತಮ್ಮಾ, ಮೇಳ ಕೂಡಿದ್ರೆ ದನಿ ಬ್ಯಾರೆನೇ ಬರ್ತತಿ." ಹಾಗೇ ಆಯಿತು. ಮೂರನೇ ನುಡಿಗೆ ತಬಲಾ ಏರಿತು, ಅಜ್ಜ ಕಣ್ಣು ಮುಚ್ಚಿ ಮೈಕ್ ಕಡೆ ಬಾಗಿದರು. ಮೀಟರ್ ಸೊನ್ನೆ ಮುಟ್ಟಿ ಕೆಂಪಾಯಿತು.

ಆಮೇಲೆ ಆ ಜಾಗವನ್ನು ದೊಡ್ಡದು ಮಾಡಿ ನೋಡಿದೆ. ದುಂಡಗೆ ಏರಿ ಇಳಿಯಬೇಕಾದ ಅಲೆಗಳ ತುದಿ ಕತ್ತರಿ ಹಾಕಿದ ಹಾಗೆ ಚಪ್ಪಟೆ. ಕಿವಿಗೆ ಅದು 'ಚರ್ರ್' ಅಂತ ಒಡೆದ ದನಿ. ಗಾಬರಿಯಲ್ಲಿ ರೀಪರ್‌ನ ಫೇಡರ್ ಇಳಿಸಿದೆ, ಸದ್ದು ಕಮ್ಮಿಯಾಯಿತೇ ಹೊರತು ಒಡಕು ಹೋಗಲಿಲ್ಲ. ಫೇಡರ್ ಇರುವುದು ಇಂಟರ್‌ಫೇಸ್ ದನಿಯನ್ನು ಅಂಕಿಗಳಾಗಿ ಬದಲಿಸಿದ ಮೇಲೆ. ಒಡೆಯುವುದು ಅದಕ್ಕೂ ಮುಂಚೆ. ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರು ಇನ್ನೊಂದು ಗಮನಿಸಿ. ಅಲ್ಲಿ '32 ಬಿಟ್ ಫ್ಲೋಟ್' ಅಂತ ಕಾಣುತ್ತದೆ, ಹಾಗಾಗಿ ದನಿ ಒಡೆಯಲ್ಲ ಅಂತ ಅನ್ನಿಸಬಹುದು. ಅದು ಫೈಲ್ ಉಳಿಸುವ ರೀತಿ ಮಾತ್ರ. ನಿಮ್ಮ ಇಂಟರ್‌ಫೇಸ್ 24 ಬಿಟ್‌ನದಾದರೆ ಒಡೆದದ್ದು ಒಡೆದದ್ದೇ.

ಎರಡನೇ ರಾತ್ರಿ ಗೆಳೆಯನ ಇಂಟರ್‌ಫೇಸ್ ತಂದೆ. ಅದರಲ್ಲಿ ಆಟೋ ಗೇನ್ ಇದೆ. ಗುಂಡಿ ಒತ್ತಿದರೆ ಹತ್ತು ಸೆಕೆಂಡ್ ಕೇಳಿಸಿಕೊಂಡು ತಾನೇ ಲೆವೆಲ್ ಇಡುತ್ತದೆ. ಒಬ್ಬರೇ ಕೂತು ಮಾತಾಡುವ ಕೆಲಸಕ್ಕೆ ಒಳ್ಳೇದು, ಕಣ್ಣು ಮುಚ್ಚಿ ಹೇಳ್ತೀನಿ. ಮೇಳಕ್ಕೆ ಮಾತ್ರ ಒಗ್ಗಲಿಲ್ಲ. ಹಾರ್ಮೋನಿಯಂ ಮೆತ್ತಗೆ ನುಡಿಸಿದ್ದಕ್ಕೆ ಅದರ ಮೈಕ್‌ಗೆ ಗೇನ್ ಸಿಕ್ಕಾಪಟ್ಟೆ ಕೊಟ್ಟಿತು. ಎಲ್ಲರೂ ಶುರು ಮಾಡಿದಾಗ ಆ ಮೈಕ್‌ನಲ್ಲಿ ಹಾರ್ಮೋನಿಯಂಗಿಂತ ತಾಳವೇ ಜೋರು. ನಾಲ್ಕು ಮೀಟರೂ ಒಂದೇ ಎತ್ತರಕ್ಕೆ ಕುಣಿಯುತ್ತಿದ್ದವು, ನೋಡೋಕೆ ಚಂದ. ಆದರೆ ಹಾಗೆ ಸಮ ಇರಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಮೆತ್ತಗಿನ ವಾದ್ಯದ ಮೀಟರ್ ಕೆಳಗೇ ಇರಲಿ.

ಮೂರನೇ ರಾತ್ರಿಯ ರೀತಿಯೇ ಈಗ ನನ್ನದು. ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಲಿಲ್ಲ. ಮೂರನೇ ನುಡಿಯನ್ನೇ ಮೇಳ ಸಮೇತ ಹಾಡಿ ಅಂದೆ. ಆ ಅಬ್ಬರದಲ್ಲಿ ಅಜ್ಜನ ಮೀಟರ್ ಮೈನಸ್ 12 ದಾಟದ ಹಾಗೆ ಗೇನ್ ಇಟ್ಟೆ. ತಾಳದ ಮೈಕ್‌ಗೆ ಇನ್ನೂ ಕೆಳಗೆ, ಮೈನಸ್ 15. ತಾಳದ ಪೆಟ್ಟು ಎಷ್ಟು ಚುರುಕು ಅಂದರೆ ಇಂಟರ್‌ಫೇಸ್ ಮೇಲಿನ ಪುಟ್ಟ ದೀಪಗಳಲ್ಲಿ ಅದು ಪೂರ್ತಿ ಕಾಣುವುದಿಲ್ಲ. ಸ್ಕ್ರೀನ್ ಮೇಲಿನ ಮೀಟರ್‌ನ ಅಂಕಿಯನ್ನೇ ನಂಬಿ. ನಿಜವಾಗಿ ಹಾಡಿದಾಗ ಅಜ್ಜನ ದನಿ ಮೈನಸ್ 5ರ ತನಕ ಹೋಯಿತು. ಒಂದು ಕಡೆಯೂ ಒಡೆಯಲಿಲ್ಲ.

ಇಷ್ಟು ಕೆಳಗೆ ಇಟ್ಟರೆ ಗಲಾಟೆ ಸದ್ದು ಸೇರಲ್ವಾ ಅಂತ ನನಗೂ ಭಯ ಇತ್ತು. ತೀರಾ ಜೋರಿನ ಸದ್ದಿಗೂ ತೀರಾ ಮೆತ್ತಗಿನದಕ್ಕೂ ನಡುವೆ ಸಿಗುವ ಜಾಗ ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ಲೆಕ್ಕ. 16 ಬಿಟ್‌ಗೆ 96, 24 ಬಿಟ್‌ಗೆ 144. ಯಾವ ಇಂಟರ್‌ಫೇಸೂ ಪೂರ್ತಿ 144 ಕೊಡಲ್ಲ, ಆದರೂ ಜಾಗ ಧಾರಾಳ. ಆಮೇಲೆ ಎಂಟು ಡೆಸಿಬೆಲ್ ಏರಿಸಿ ಕೇಳಿದೆ. ಕೇಳಿಸಿದ್ದು ಫ್ಯಾನ್ ಮತ್ತು ಬೀದಿಯ ಆಟೋ. ಅವು ಮೊದಲ ರಾತ್ರಿಯೂ ಅಷ್ಟೇ ಇದ್ದವು. ಗೇನ್ ಏರಿಸಿದರೆ ಹಾಡಿನ ಜೊತೆ ಫ್ಯಾನೂ ಏರುತ್ತದೆ. ಫ್ಯಾನ್ ತಗ್ಗಬೇಕಾದರೆ ಮೈಕನ್ನು ಹತ್ತಿರ ತರಬೇಕು. ಒಂದು ಅಡಿಯಿಂದ ಅರ್ಧ ಅಡಿಗೆ ತಂದರೆ ದನಿ ಹತ್ತಿರ ಹತ್ತಿರ 6 ಡೆಸಿಬೆಲ್ ಏರುತ್ತದೆ, ಫ್ಯಾನ್ ಇದ್ದಲ್ಲೇ ಇರುತ್ತದೆ. ಕೊನೆಗೆ ಫ್ಯಾನನ್ನೇ ಆರಿಸಿದೆವು. ಬೇಸಿಗೆ ಸೆಕೆಯಲ್ಲಿ ಎಲ್ಲರೂ ಬೆವೆತರು ಪಾಪ, ಯಾರೂ ಬೇಡ ಅನ್ನಲಿಲ್ಲ.

ಕೂರುವ ಜಾಗವನ್ನೂ ಅವತ್ತೇ ಬದಲಿಸಿದೆ. ಮೈಕ್‌ನಿಂದ ವಾದ್ಯ ಒಂದು ಅಡಿ ಇದ್ದರೆ, ಪಕ್ಕದ ಮೈಕ್ ಮೂರು ಅಡಿಯಾದರೂ ದೂರ ಇರಬೇಕು. ತಾಳದವರನ್ನು ಅಜ್ಜನ ಎದುರಿಗೆ ಕೂರಿಸಿದೆ. ಅಜ್ಜನ ಮೈಕ್‌ನ ಬೆನ್ನು ಅವರ ಕಡೆ ಬಂತು. ಎಸ್‌ಎಂ58 ಬೆನ್ನ ಕಡೆಯ ಸದ್ದನ್ನು ಕಮ್ಮಿ ತೆಗೆದುಕೊಳ್ಳುತ್ತದೆ. ಅಜ್ಜನ ಟ್ರ್ಯಾಕ್ ಒಂದನ್ನೇ ಹಾಕಿ ಕೇಳಿದರೆ ಈಗ ಅವರು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ.

ಪ್ರತಿ ನಾಬ್ ಪಕ್ಕ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಅಜ್ಜನದು ಗಡಿಯಾರದ 2 ಗಂಟೆ ಜಾಗ, ಡೈನಾಮಿಕ್ ಮೈಕ್‌ಗೆ ಗೇನ್ ಜಾಸ್ತಿ ಬೇಕು. ಹಾರ್ಮೋನಿಯಂದು 10, ತಾಳದ್ದು 9. ಮುಂದಿನ ಅಮಾವಾಸ್ಯೆಗೆ ಮೇಳ ಮತ್ತೆ ಬರುತ್ತದೆ, ಇನ್ನೂ ಹನ್ನೊಂದು ಪದ ಬಾಕಿ ಇವೆ.