ಫಾಸ್ಟ್ ಸೋಲೋ ಕಲಿಯೋಕೆ ಟ್ರಾನ್ಸ್‌ಕ್ರೈಬ್: ದುಡ್ಡು ಕೊಟ್ಟು ತಗೊಂಡ್ರೂ ನಷ್ಟ ಇಲ್ಲ

ಫಾಸ್ಟ್ ಗಿಟಾರ್ ಸೋಲೋ ಕಲೀಬೇಕು ಅಂತ ನೆಟ್ಟಲ್ಲಿ ಟ್ಯಾಬ್ (ಯಾವ ತಂತೀಲಿ ಯಾವ ಫ್ರೆಟ್ ಒತ್ತಬೇಕು ಅಂತ ಬರೆದಿರೋ ನೋಟ್ಸ್) ಹುಡುಕ್ತಾ ಕೂತಿರೋರು ದಯವಿಟ್ಟು ಒಂದ್ಸಲ ಸೆವೆಂತ್ ಸ್ಟ್ರಿಂಗ್ ಕಂಪನಿಯವರ ಟ್ರಾನ್ಸ್‌ಕ್ರೈಬ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ನೋಡಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ಹಾಡಿನ ಫೈಲ್ ಓಪನ್ ಮಾಡಿದ್ರೆ ವೇವ್‌ಫಾರ್ಮ್ (ಸದ್ದಿನ ಅಲೆಯ ಚಿತ್ರ) ಬರುತ್ತೆ, ಬೇಕಾದ ತುಂಡನ್ನ ಮೌಸಲ್ಲಿ ಎಳೆದು ಸೆಲೆಕ್ಟ್ ಮಾಡಿ, ಲೂಪ್ ಹಾಕಿ, ಸ್ಪೀಡ್ ಇಳಿಸಿ, ಶ್ರುತಿ ಮಾತ್ರ ಅಲ್ಲಾಡಲ್ಲ.

ಹಿಂದೆ ಗಿಟಾರ್ ಕಲೀತಿದ್ದೋರು 33 ಆರ್‌ಪಿಎಂ ಎಲ್‌ಪೀನ 16ಕ್ಕೆ ಇಳಿಸಿ ಕೇಳ್ತಿದ್ರು, ಸ್ಪೀಡ್ ಅರ್ಧ ಆಗೋದು ಸರಿ, ಜೊತೆಗೆ ಶ್ರುತೀನೂ ಒಂದು ಆಕ್ಟೇವ್, ಅಂದ್ರೆ ಒಂದು ಸ್ಥಾಯಿ, ಕೆಳಗೆ ಹೋಗಿ ಲೀಡ್ ಗಿಟಾರೂ ಬೇಸ್ ಥರ ಗೊಗ್ಗರು ಗೊಗ್ಗರಾಗಿ ಕೇಳ್ಸೋದು. ಸ್ಪೀಡನ್ನೂ ಶ್ರುತೀನೂ ಬೇರೆ ಬೇರೆ ಮಾಡೋ ಫೇಸ್ ವೊಕೋಡರ್ ವಿದ್ಯೇನ ಬೆಲ್ ಲ್ಯಾಬ್ಸ್‌ನ ಫ್ಲಾನಗನ್, ಗೋಲ್ಡನ್ ಅವರು 1966ರಲ್ಲೇ ಬರೆದಿಟ್ಟಿದ್ರು, ಅದು ಮನೆ ಕಂಪ್ಯೂಟರ್ ತನಕ ಬರೋಕೆ ದಶಕಗಳೇ ಬೇಕಾಯ್ತು.

ವ್ಯಾನ್ ಹೇಲನ್ ಬ್ಯಾಂಡಿನ 1978ರ ಮೊದಲ ಆಲ್ಬಮ್ಮಲ್ಲಿರೋ 'ಇರಪ್ಶನ್' ತಗೊಳ್ಳಿ. ಪೂರ್ತಿ ಎರಡು ನಿಮಿಷಾನೂ ಇಲ್ಲ. ಕೊನೇಲಿ ಬರೋ ಟ್ಯಾಪಿಂಗ್ (ಬಲಗೈ ಬೆರಳಲ್ಲೂ ಫ್ರೆಟ್ ಮೇಲೆ ತಂತಿ ಒತ್ತಿ ನುಡಿಸೋದು) ಫುಲ್ ಸ್ಪೀಡಲ್ಲಿ ಜುಳುಜುಳು ಅಂತ ಹರಿದುಹೋಗುತ್ತೆ, ಯಾವ ಕೈ ಎಲ್ಲಿ ಏನ್ ಮಾಡ್ತಿದೆ ಒಂದೂ ಗೊತ್ತಾಗಲ್ಲ. 50 ಪರ್ಸೆಂಟಿಗೆ ಇಳಿಸಿ ಅದರ ಮೊದಲ ಚೂರನ್ನ ಲೂಪ್ ಹಾಕಿ ನೋಡಿ, ಎರಡನೇ ತಂತೀಲಿ 9ನೇ ಫ್ರೆಟ್ ಮೇಲೆ ಬಲಗೈ ಟ್ಯಾಪ್, ಅಲ್ಲಿಂದ ಪುಲ್-ಆಫ್ (ಬೆರಳು ಎಳೆದು ಬಿಡೋದು) ಆಗಿ 2, ಆಮೇಲೆ ಹ್ಯಾಮರ್-ಆನ್ (ಬೆರಳು ಬಡಿದು ಒತ್ತೋದು) ಆಗಿ 5, ಮೂರೂ ಸ್ವರ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತೆ, ಓ ಇದು ಮೂರು ಮೂರಾಗಿ ಹೋಗೋ ತಿಶ್ರ ನಡೆ ಅಂತ ತಕ್ಷಣ ಹೊಳೆಯುತ್ತೆ. ಆ ರೆಕಾರ್ಡಿಂಗಲ್ಲಿ ಗಿಟಾರು ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗೆ ಟ್ಯೂನ್ ಆಗಿದೆ, ಅದಕ್ಕೆ ಆರು ತಂತೀನೂ ಸಡಿಲ ಮಾಡೋ ಗೋಜೇ ಬೇಡ, ಸಾಫ್ಟ್‌ವೇರಲ್ಲೇ ಒಂದು ಸೆಮಿಟೋನ್ (ಅದೇ ಅರ್ಧ ಸ್ವರ) ಏರಿಸಿ, ಮಿಕ್ಕಿದ್ದನ್ನ ಸೆಂಟ್ (ಸೆಮಿಟೋನಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಸರಿ ಮಾಡ್ಕೊಳ್ಳಿ.

ನನಗೆ ತುಂಬಾ ಇಷ್ಟ ಆಗಿರೋದು ಮಾರ್ಕರ್‌ಗಳು. ಹಾಡು ಓಡ್ತಾ ಇರುವಾಗ್ಲೇ ಎಸ್ ಒತ್ತಿದ್ರೆ ಸೆಕ್ಷನ್, ಎಂ ಒತ್ತಿದ್ರೆ ಮೆಷರ್ (ತಾಳದ ಒಂದು ಸುತ್ತು, ಬಾರ್ ಅಂತಾನೂ ಅಂತಾರೆ), ಬಿ ಒತ್ತಿದ್ರೆ ಬೀಟ್, ಸೇವ್ ಮಾಡಿಟ್ರೆ ನಾಳೆ ಓಪನ್ ಮಾಡ್ದಾಗ ಎಲ್ಲಾ ಹಾಗೇ ಇರುತ್ತೆ, ಪ್ರಾಕ್ಟೀಸ್ ಟೈಮೆಲ್ಲಾ ಜಾಗ ಹುಡುಕೋದ್ರಲ್ಲೇ ಹೋಗಲ್ಲ. ಎಡಗಡೆ ಚಾನೆಲ್ ಮಾತ್ರ ಅಥವಾ ಬಲಗಡೆ ಮಾತ್ರ ಕೇಳೋ ಆಪ್ಶನ್ನೂ ಇದೆ. ಅದೇ ಆಲ್ಬಮ್ಮಲ್ಲಿ ಗಿಟಾರನ್ನ ಎಡಗಡೆಗೆ ಹಾಕಿ ಬಲಗಡೆಗೆ ಅದರ ರಿವರ್ಬ್ (ಅನುರಣನೆ) ಬಿಟ್ಟಿದ್ದಾರೆ, ಎಡ ಒಂದನ್ನೇ ಕೇಳಿದ್ರೆ ಪಿಕ್ ತಂತಿಗೆ ತಾಗೋ ಸದ್ದೂ ಸಿಗುತ್ತೆ!

ತಾನಾಗೇ ನೋಟ್ಸ್ ಬರೆದು ಕೈಗೆ ಕೊಡುತ್ತೆ ಅನ್ಕೊಂಡ್ರೆ ಅದು ಇದಲ್ಲ. ಕೆಳಗಡೆ ಪಿಯಾನೋ ಕೀಬೋರ್ಡ್ ಮೇಲೆ ಯಾವ ಸ್ವರ ಎಷ್ಟು ಜೋರಾಗಿದೆ ಅನ್ನೋ ಗ್ರಾಫ್ ತೋರಿಸುತ್ತೆ, ಆದ್ರೆ ಡಿಸ್ಟಾರ್ಶನ್ (ಗರಗರ ಸದ್ದಿನ) ಗಿಟಾರಿಗೆ ಹಾರ್ಮೋನಿಕ್ಸ್, ಅಂದ್ರೆ ಮೂಲ ಸ್ವರದ ಜೊತೆ ಬರೋ ಮೇಲಿನ ಸ್ವರಗಳು, ಜಾಸ್ತಿ, ನುಡಿಸ್ದೇ ಇರೋ ಆಕ್ಟೇವು ಪಂಚಮ ಎಲ್ಲಾ ಎದ್ದು ನಿಲ್ಲುತ್ತೆ. ಕೊನೇ ತೀರ್ಮಾನ ಕಿವೀದೇ ಆಗಬೇಕು, ನನಗೆ ಅದೇ ಸರಿ ಅನ್ಸುತ್ತೆ, ಹಾಗೆ ಕಷ್ಟಪಟ್ಟು ತೆಗೆದ ಸೋಲೋ ಕೈಯಲ್ಲಿ ಉಳಿಯೋ ಥರ ಟ್ಯಾಬ್ ನೋಡಿ ಕಲಿತಿದ್ದು ಉಳಿಯಲ್ಲ.

ತೀರಾ ನಿಧಾನ ಮಾಡೋಕೆ ಹೋಗಬೇಡಿ. ಯಾವ ಸಾಫ್ಟ್‌ವೇರಾದ್ರೂ 30 ಪರ್ಸೆಂಟ್ ಹತ್ರ ಬಂದ್ರೆ ಸ್ವರದ ಶುರುವೇ ಮಸುಕಾಗಿ ಡ್ರಮ್ಸೆಲ್ಲಾ ಕಲಸಿಹೋಗುತ್ತೆ, 70 ಇಲ್ಲಾ 50 ಸಾಕು. ಫ್ರೀ ಬೇಕು ಅಂದ್ರೆ ಆಡಾಸಿಟಿ ಅನ್ನೋ ಸಾಫ್ಟ್‌ವೇರಿನ ಚೇಂಜ್ ಟೆಂಪೋ ಇದೆ, ಆದ್ರೆ ಅದು ಎಫೆಕ್ಟ್, ಪ್ರತಿ ಸಲ ಅಪ್ಲೈ ಮಾಡಿ ಆಮೇಲೆ ಕೇಳಬೇಕು. ಯೂಟ್ಯೂಬಲ್ಲಿ 0.5 ಇಟ್ರೂ ಸೋಲೋ ಗುರುತು ಹಿಡಿಯೋ ಮಟ್ಟಿಗೆ ಆಗುತ್ತೆ, ಎರಡೇ ಎರಡು ಬಾರ್ ಕರೆಕ್ಟಾಗಿ ಲೂಪ್ ಮಾಡೋಕೆ ಅಲ್ಲಿ ಕಷ್ಟ.

ಕರ್ನಾಟಕ ಸಂಗೀತ ಗಿಟಾರಲ್ಲೋ ಮ್ಯಾಂಡೊಲಿನಲ್ಲೋ ನುಡಿಸೋರಿಗೂ ಇದನ್ನ ಧೈರ್ಯವಾಗಿ ಹೇಳ್ತೀನಿ. ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್ ರೆಕಾರ್ಡಿಂಗ್ ಹಾಕಿ ಸ್ಪೀಡ್ ಅರ್ಧ ಮಾಡಿ, ಮೂರನೇ ಕಾಲದ ಸ್ವರಗಳಲ್ಲೂ ಗಮಕ ಎಲ್ಲಿಂದ ಹೊರಟು ಎಲ್ಲಿ ತಾಗಿ ಬರುತ್ತೆ ಅಂತ ಕೇಳಿ, ಬೇಕಾದ್ರೆ ರೆಕಾರ್ಡಿಂಗ್ ಶ್ರುತೀನೇ ನಿಮ್ಮ ಶ್ರುತಿಗೆ ತಂದ್ಕೊಂಡು ಜೊತೇಲೇ ನುಡಿಸಿ.

ರೇಟು ಸುಮಾರು 39 ಡಾಲರ್, ತಿಂಗಳು ತಿಂಗಳು ಕಟ್ಟೋದಲ್ಲ, ಒಂದೇ ಸಲ. ತಗೊಳ್ಳೋಕೆ ಮುಂಚೆ 30 ದಿನ ಫ್ರೀಯಾಗಿ ನೋಡಬಹುದು. ಬರೀ ಫೋನಲ್ಲೇ ಕಲಿಯೋರಿಗೆ ಇದು ಆಗಿಬರಲ್ಲ, ಅವರು ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಸಿಗೋ ಅಮೇಜಿಂಗ್ ಸ್ಲೋ ಡೌನರ್ ಆ್ಯಪ್ ನೋಡಿ. ಸ್ಟ್ರೀಮಿಂಗ್ ಆ್ಯಪಲ್ಲಿರೋ ಹಾಡು ಟ್ರಾನ್ಸ್‌ಕ್ರೈಬಲ್ಲಿ ನೇರವಾಗಿ ಓಪನ್ ಆಗಲ್ಲ, ಹಾಡಿನ ಫೈಲೇ ನಿಮ್ಮ ಹತ್ರ ಇರಬೇಕು, ಸಿಡಿ ಇದ್ರೆ ಇನ್ನೂ ಒಳ್ಳೇದು.