800ರಲ್ಲೇ ನಿಂತುಬಿಟ್ಟಿದ್ದ ಲ್ಯಾಪ್‌ಟಾಪ್, ಮತ್ತೆ ಶಿರಸಿಯ ಆ ಮಾಳಿಗೆ ಅಂಗಡಿ

ದೇವಿಕೆರೆ ಹತ್ರ ಮಾಳಿಗೆ ಮೇಲೆ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ, ಬೋರ್ಡು ಕೆಳಗಿಂದ ಕಾಣೋದಿಲ್ಲ, ಝೆರಾಕ್ಸ್ ಅಂಗಡೀಲಿ ಕೇಳಿದ್ರೆ ಮೆಟ್ಟಿಲು ತೋರಿಸ್ತಾರೆ. ನಮ್ಮ ಕಡೆ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕೋ ಆಪರೇಟಿಂಗ್ ಸಿಸ್ಟಮ್) ಹಾಕ್ಕೊಂಡವ್ರು ಯಾರಿದ್ರೂ ಅವ್ರಿಗೋಸ್ಕರನೇ ಇದನ್ನ ಬರೀತಾ ಇದೀನಿ, ಯಾಕಂದ್ರೆ ಲಿನಕ್ಸ್ ಅಂದ ಕೂಡ್ಲೇ "ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕ್ಕೊಡ್ತೀವಿ" ಅನ್ನೋರೇ ಜಾಸ್ತಿ.

ನಂದು ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಎಕ್ಸ್220, ಐ5-2520ಎಂ ಪ್ರೊಸೆಸರ್. ಊರಿನ ತಾಳಮದ್ದಳೆ ರೆಕಾರ್ಡಿಂಗ್‌ಗಳನ್ನ ಕ್ಲೀನ್ ಮಾಡಿ ಇಡೋದು ಅದ್ರಲ್ಲೇ. ಲಿನಕ್ಸಿನದೇ ಒಂದು ಬಗೆ ಲಿನಕ್ಸ್ ಮಿಂಟ್, ಅದ್ರ 20ನೇ ಆವೃತ್ತಿ ಇದ್ದಿದ್ದನ್ನ 21ಕ್ಕೆ ಅಪ್‌ಗ್ರೇಡ್ ಮಾಡ್ಕೊಂಡೆ, ಅವತ್ತಿಂದ ಶುರುವಾಯ್ತು ನೋಡಿ, ಬ್ರೌಸರ್ ತೆಗೆದ್ರೆ ಬರೋದೇ ಇಲ್ಲ, ನಾಲ್ಕು ತಾಸಿನ ರೆಕಾರ್ಡಿಂಗಿಗೆ ನಾಯ್ಸ್ ರಿಡಕ್ಷನ್ ಕೊಟ್ಟು ಊಟ ಮಾಡಿ ಬಂದ್ರೂ ಎಷ್ಟು ಮುಗೀತು ಅಂತ ತೋರಿಸೋ ಪಟ್ಟಿ ಅರ್ಧಕ್ಕೇ ಇರ್ತಿತ್ತು. ವಿಚಿತ್ರ ಅಂದ್ರೆ ಲ್ಯಾಪ್‌ಟಾಪ್ ತಣ್ಣಗೇ ಇರ್ತಿತ್ತು, ಫ್ಯಾನ್ ಸದ್ದೂ ಇಲ್ಲ. ಮೊದ್ಲು ಬೇರೆ ಒಂದು ಕಡೆ ತೋರಿಸಿದ್ದೆ, ಅಲ್ಲಿ ಮುಚ್ಚಳ ಕೂಡ ತೆಗೀದೆ ಮದರ್‌ಬೋರ್ಡ್ ಹೋಗಿದೆ ಎಂಟು ಸಾವಿರ ಆಗತ್ತೆ ಅಂದ್ರು. ತುಂಬಾ ಬೇಜಾರಾಯ್ತು.

ಇಲ್ಲಿನ ಹುಡುಗ ಸ್ಕ್ರೂಡ್ರೈವರ್ ಮುಟ್ಲೇ ಇಲ್ಲ. ಟರ್ಮಿನಲ್ (ಆದೇಶ ಟೈಪ್ ಮಾಡೋ ಕಿಟಕಿ) ತೆಗೆದು ಪ್ರೊಸೆಸರ್ ಎಷ್ಟು ಮೆಗಾಹರ್ಟ್ಜ್‌ನಲ್ಲಿ ಓಡ್ತಿದೆ ಅಂತ ಸೆಕೆಂಡಿಗೊಂದ್ಸಲ ತೋರಿಸೋ ಹಾಗೆ ಒಂದು ಸಾಲು ಹೊಡೆದ್ರು, ಪರದೆ ಮೇಲೆ ಬಂದ ನಾಲ್ಕು ಸಾಲಿನಲ್ಲೂ 800ರ ಆಸುಪಾಸು. "ಈಗ ನಿಮ್ಮ ಆಡಿಯೋ ಕೆಲಸ ಓಡ್ಸಿ" ಅಂದ್ರು, ಓಡ್ಸಿದೆ, ನಂಬರು ಅಲ್ಲಾಡ್ಲೇ ಇಲ್ಲ. ಅದು 2.5 ಗಿಗಾಹರ್ಟ್ಜ್, ಅಂದ್ರೆ 2500 ಮೆಗಾಹರ್ಟ್ಜ್ ಪ್ರೊಸೆಸರ್, ಟರ್ಬೋ (ಕೆಲಸ ಜಾಸ್ತಿ ಇದ್ದಾಗ ಸ್ವಲ್ಪ ಹೊತ್ತು ಸ್ಪೀಡ್ ಇನ್ನೂ ಏರ್ಸೋದು) ಹತ್ತಿದ್ರೆ 3.2 ತನಕ ಹೋಗ್ಬೇಕು. "ಹೆಗಡೇರೇ, ಬೋರ್ಡಿಗೆ ಏನೂ ಆಗಿಲ್ಲ, ಯಾರೋ ಕೈ ಕಟ್ಟಿ ಕೂರ್ಸಿದಾರೆ" ಅಂದ್ರು.

ಆಮೇಲೆ ಗೊತ್ತಾಗಿದ್ದು. ಪ್ರೊಸೆಸರ್ ಯಾವಾಗ ಎಷ್ಟು ಸ್ಪೀಡಲ್ಲಿ ಓಡ್ಬೇಕು ಅಂತ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಳಗೆ ನಿರ್ಧಾರ ಮಾಡೋದಕ್ಕೆ ಗವರ್ನರ್ ಅಂತಾರೆ, ಪರ್ಫಾರ್ಮೆನ್ಸ್, ಪವರ್‌ಸೇವ್, ಆನ್‌ಡಿಮ್ಯಾಂಡ್, ಸ್ಕೆಡ್‌ಯುಟಿಲ್ ಹೀಗೆ ಬೇರೆ ಬೇರೆ ಇದಾವೆ. ನನ್ನ ಅಕ್ಕನ ಮಗ ಹಿಂದೆ ಬ್ಯಾಟರಿ ಜಾಸ್ತಿ ಬರ್ಲಿ ಅಂತ, ಬೂಟ್ ಆದಾಗೆಲ್ಲ ಪವರ್‌ಸೇವ್ ಆಗೋ ಹಾಗೆ ಒಂದು ಸ್ಕ್ರಿಪ್ಟ್ (ತಾನೇ ಓಡೋ ಆದೇಶಗಳ ಫೈಲು) ಹಾಕಿಟ್ಟಿದ್ದ. ಮಿಂಟ್ 20ರಲ್ಲಿ ಕರ್ನಲ್ 5.4, ಅಲ್ಲಿ ಪ್ರೊಸೆಸರ್ ಸ್ಪೀಡ್ ನಡೆಸೋ ಇಂಟೆಲ್ ಡ್ರೈವರು ಆಕ್ಟಿವ್ ಮೋಡಲ್ಲಿ (ಸ್ಪೀಡನ್ನ ಡ್ರೈವರೇ ನಿರ್ಧರಿಸೋ ರೀತಿ) ಇರ್ತಿತ್ತು, ಆ ಮೋಡಲ್ಲಿ ಪವರ್‌ಸೇವ್ ಅಂದ್ರೂ ಕೆಲಸ ಬಿದ್ದಾಗ ಸ್ಪೀಡ್ ಏರ್ತದೆ, ಏನೂ ತೊಂದ್ರೆ ಇರ್ಲಿಲ್ಲ. ಕರ್ನಲ್ 5.7ರಿಂದ ಈಚೆಗೆ ಇಂಥ ಹಳೇ ಪ್ರೊಸೆಸರಿಗೆ, ಅಂದ್ರೆ ಸ್ಪೀಡನ್ನ ತಾನೇ ನೋಡ್ಕೊಳ್ಳೋ ವ್ಯವಸ್ಥೆ ಚಿಪ್ ಒಳಗೇ ಇಲ್ಲದೇ ಇರೋದಕ್ಕೆ, ಪ್ಯಾಸಿವ್ ಮೋಡೇ (ಗವರ್ನರ್ ಹೇಳಿದ ಹಾಗೆ ಡ್ರೈವರ್ ನಡೆಯೋ ರೀತಿ) ಡೀಫಾಲ್ಟು, ಮಿಂಟ್ 21ರಲ್ಲಿ ಇರೋದು 5.15. ಪ್ಯಾಸಿವ್ ಮೋಡಲ್ಲಿ ಪವರ್‌ಸೇವ್ ಅಂದ್ರೆ ಎಲ್ಲಕ್ಕಿಂತ ಕಡಿಮೆ ಸ್ಪೀಡಿಗೆ ಹಾಕಿ ಬೀಗ ಜಡಿಯೋದು, ಅಷ್ಟೇ. ಹೆಸರು ಅದೇ, ಅರ್ಥ ಬೇರೆ. ಸ್ಕ್ರಿಪ್ಟಲ್ಲಿ ಒಂದಕ್ಷರ ಬದಲಾಗಿರ್ಲಿಲ್ಲ, ಆದ್ರೂ ಮಷೀನು ಮಲಗಿಬಿಟ್ಟಿತ್ತು. ಇದನ್ನ ಒಂದು ಕಾಗದದ ಮೇಲೆ ಗೀಟು ಹಾಕಿ ತೋರಿಸಿದ್ರು, ಆ ಕಾಗದ ಇನ್ನೂ ಲ್ಯಾಪ್‌ಟಾಪ್ ಬ್ಯಾಗಲ್ಲೇ ಇದೆ.

ಸ್ಕ್ರಿಪ್ಟ್ ತೆಗೆದು, ಕೆಲಸ ನೋಡಿ ಸ್ಪೀಡ್ ಏರಿಳಿಸೋ ಸ್ಕೆಡ್‌ಯುಟಿಲ್ ಹಾಕಿದ್ರು, ಎಂಟರ್ ಒತ್ತಿದ್ದೇ ತಡ ನಂಬರು 3000 ಹತ್ರ ಹಾರ್ತು, ಒಂದೆರಡು ನಿಮಿಷಕ್ಕೆ ಫ್ಯಾನ್ ಗುಂಯ್ ಅಂತ ಶುರುವಾಯ್ತು. ಆ ಸದ್ದು ಕೇಳಿ ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ ಹೇಳಕ್ಕಾಗಲ್ಲ.

ಅಷ್ಟಕ್ಕೇ ಬಿಡ್ಲಿಲ್ಲ ಅವ್ರು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಎರಡು ದಿನ. ಅದನ್ನ ಕೇಳಿ ಟಿಎಲ್‌ಪಿ ಅನ್ನೋ ಬ್ಯಾಟರಿ ಉಳಿಸೋ ಸಾಫ್ಟ್‌ವೇರ್ ಹಾಕಿ, ಬ್ಯಾಟರಿ ಮೇಲಿದ್ದಾಗ ಮಾತ್ರ ಟರ್ಬೋ ಬಂದ್ ಮಾಡಿ ಸ್ಪೀಡಿಗೆ 1.6 ಗಿಗಾಹರ್ಟ್ಜ್ ಮಿತಿ ಇಟ್ರು. ಯಾಕೆ ಅಂತ ಕೇಳಿದ್ದಕ್ಕೆ, ಸ್ಪೀಡ್ ಏರ್ಸಿದ ಹಾಗೆ ವೋಲ್ಟೇಜೂ ಏರ್ಸ್‌ಬೇಕು, ಕರೆಂಟ್ ಖರ್ಚು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರ್ತದೆ, ಹಾಗಾಗಿ ಮೇಲಿನ ಆ ಕೊನೇ ಸ್ವಲ್ಪ ಸ್ಪೀಡೇ ಬ್ಯಾಟರಿ ತಿನ್ನೋದು ಅಂದ್ರು. ಇಷ್ಟು ತಾಳ್ಮೆಯಿಂದ ಗಿರಾಕಿಗೆ ಹೇಳೋರು ಎಲ್ಲಿ ಸಿಗ್ತಾರೆ?

ಕೊರತೆನೂ ಇದೆ. 1.6 ನನಗೆ ಕಮ್ಮಿಯೇ ಆಯ್ತು, ಕರೆಂಟ್ ಹೋದಾಗ ವಿಡಿಯೋ ಮೀಟಿಂಗಲ್ಲಿ ಮುಖ ತಡೆದು ತಡೆದು ಬರ್ತಿತ್ತು, ಮೊದ್ಲೇ ಏನೇನು ಕೆಲಸ ಮಾಡ್ತೀರಿ ಅಂತ ಪೂರ್ತಿ ಕೇಳಿ ಇಡ್ಬೇಕಿತ್ತು. ಫೋನ್ ಮಾಡಿದ್ದಕ್ಕೆ ಟಿಎಲ್‌ಪಿ ಫೈಲಲ್ಲಿ ಯಾವ ಸಾಲು ಅಂತ ಹೇಳಿದ್ರು, 1600000 ಅಂತ ಇದ್ದಿದ್ದನ್ನ ನಾನೇ 2000000 ಮಾಡ್ಕೊಂಡೆ (ಅಲ್ಲಿ ಲೆಕ್ಕ ಕಿಲೋಹರ್ಟ್ಜಲ್ಲಿ, ಸೊನ್ನೆ ಎಣಿಸಿ ಹಾಕಿ), ಈಗ ಸರಿ ಇದೆ. ಬಿಲ್ ಕೇಳಿದ್ರೆ ಮಾತ್ರ ಕೊಡ್ತಾರೆ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರ ತನಕ ಬಾಗಿಲು ಹಾಕಿರತ್ತೆ, ನಾನು ಮೊದಲನೇ ದಿನ ಮಳೇಲಿ ನೆನ್ಕೊಂಡು ಹೋಗಿ ವಾಪಸ್ ಬಂದಿದ್ದೆ, ಹಳ್ಳಿಯಿಂದ ಬರೋರು ಬೆಳಿಗ್ಗೆನೇ ಹೋಗಿ.

ಒಟ್ಟು ತಗೊಂಡಿದ್ದು ಮುನ್ನೂರು ರೂಪಾಯಿ. ನಿಮ್ಮದೂ ಹೀಗೆ ತಣ್ಣಗಿದ್ದೂ ನಿಧಾನ ಆಗಿದ್ರೆ ಬೋರ್ಡ್ ಬದಲಿಸೋ ಮೊದ್ಲು ಅಲ್ಲಿಗೆ ತಗೊಂಡು ಹೋಗಿ ಆ ನಂಬರ್ ತೋರಿಸಿ ಅಂತ ಕೇಳಿ, ಚಾರ್ಜರ್ ಜೊತೆಗೇ ಇರ್ಲಿ, ಕರೆಂಟಲ್ಲೂ ಬ್ಯಾಟರೀಲೂ ಎರಡೂ ಕಡೆ ಓಡ್ಸಿ ನೋಡ್ತಾರೆ.